‘ಮುನ್ನ’ ಮತ್ತು ‘ನಂತರ’ದ ನಡುವೆ ಸತ್ತ ಮಕ್ಕಳು: ರಕ್ಷಣಾ ಕಥನದ ಒಂದು ದೇವಶಾಸ್ತ್ರೀಯ ವಿಮರ್ಶೆ

ತಬ್ಬಲಿ ಮಕ್ಕಳನ್ನು ಅವರ ಸಂಕಟದಲ್ಲಿ ಪರಾಮರಿಸುವುದು ನಿರ್ಮಲ ಭಕ್ತಿಯ ಲಕ್ಷಣವೆಂದು ಯಾಕೋಬನ ಪತ್ರಿಕೆ ಎಣಿಸುತ್ತದೆ (1:27). ಸಭೆ ಈ ಆಜ್ಞೆಯನ್ನು ಕೈಬಿಟ್ಟ ಕಾಲವಿಲ್ಲ. ಈ ಸೇವೆಯ ಬಗ್ಗೆ ಸಭೆ ಬರೆದಿಟ್ಟ ಪ್ರಸಂಗ, ಮನವಿಪತ್ರ, ವಾರ್ಷಿಕ ವರದಿ, ಜೀವನಚರಿತ್ರೆಗಳನ್ನು ನಾವು ಕೃತಜ್ಞತೆಯಿಂದ ಓದುತ್ತೇವೆ. ಆದರೆ ಸಾಹಿತ್ಯವೆಂದು ಪರಿಗಣಿಸಿ ವಿಮರ್ಶಿಸುವುದು ಅಪರೂಪ. ಅದಕ್ಕೂ ತನ್ನದೇ ರೂಪವಿದೆ, ತನ್ನದೇ ಮೌನವಿದೆ. ಆ ಮೌನದ ಒಂದು ಭಾಗವನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ರಕ್ಷಿಸಲೆಂದು ಕರೆದೊಯ್ದ ಮಗು ದಾರಿಯಲ್ಲೋ ಪರಸ್ಥಳದಲ್ಲೋ ಸತ್ತರೆ, ಈ ಬರವಣಿಗೆಯಲ್ಲಿ ಅದಕ್ಕೆ ಯಾವ ಸ್ಥಾನ ದೊರೆಯುತ್ತದೆ? ಇದು ನಮ್ಮ ಪ್ರಶ್ನೆ.

1. ಬೀದಿ ಗುಡಿಸುವ ಪ್ರಸಂಗ

ಬಡ ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹಳ ಹಳೆಯದು. 1619ರಲ್ಲಿ ಲಂಡನ್ ನಗರವು ತನ್ನ ಬೀದಿಗಳಿಂದ ಸುಮಾರು 100 ಮಕ್ಕಳನ್ನು ಹಿಡಿದು ಅಮೆರಿಕದ ವರ್ಜೀನಿಯ ವಸಾಹತಿಗೆ ಸಾಗಿಸಿತು; ಬೇರೆ ತಂಡಗಳು ಅದನ್ನು ಹಿಂಬಾಲಿಸಿದವು. ಆ ಮಕ್ಕಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1622ರ ಮಾರ್ಚ್‌ನಲ್ಲಿ ಮೂಲನಿವಾಸಿಗಳ ದಾಳಿಯಲ್ಲಿ 347 ವಸಾಹತುಗಾರರು ಹತರಾದರು. ಅದೇ ವರ್ಷದ ನವೆಂಬರ್ 13ರಂದು ಸಂತ ಪೌಲರ ದೇವಾಲಯದ ಡೀನರೂ ಇಂಗ್ಲಿಷಿನ ಮಹಾಕವಿಯೂ ಆದ ಜಾನ್ ಡನ್, ವರ್ಜೀನಿಯ ಕಂಪನಿಯ ಮುಂದೆ ಅಪೊಸ್ತಲರ ಕೃತ್ಯಗಳು 1:8ರ ಮೇಲೆ ಪ್ರಸಂಗಿಸಿದರು. ಲೋಕದ ಕಟ್ಟಕಡೆಯ ತನಕ ಸಾಕ್ಷಿಗಳಾಗಿರುವ ಆಜ್ಞೆಯೇ ಅದರ ಆಧಾರವಾಕ್ಯ.

ಪ್ರಸಂಗದ ಮುಖ್ಯ ಒತ್ತು ಉದಾತ್ತವಾದದ್ದು: ಲಾಭಕ್ಕಿಂತ ಸುವಾರ್ತೆ ದೊಡ್ಡದೆಂದು ಡನ್ ವ್ಯಾಪಾರಿಗಳಿಗೆ ನೆನಪಿಸುತ್ತಾರೆ. ಆದರೆ ವಸಾಹತಿನ ಉಪಯೋಗಗಳನ್ನು ಎಣಿಸುವಾಗ, ಅದು ನಗರದ ಬೀದಿಗಳಿಂದ ಸೋಮಾರಿಗಳನ್ನೂ ಸೋಮಾರಿಗಳ ಮಕ್ಕಳನ್ನೂ ಗುಡಿಸಿ ಹಾಕಿ ಕೆಲಸಕ್ಕೆ ಹಚ್ಚುತ್ತದೆ ಎಂಬ ಮಾತನ್ನೂ ಸೇರಿಸುತ್ತಾರೆ. ಪೊರಕೆಯ ಈ ರೂಪಕದಲ್ಲಿ ಮಗುವಿನ ಬಡತನ ಕಸವಾಗುತ್ತದೆ, ವಸಾಹತು ತಿಪ್ಪೆಯಾಗುತ್ತದೆ. ಕಸ ಸತ್ತಿತೆಂದು ಯಾರೂ ಹೇಳುವುದಿಲ್ಲ. ಆದಕಾರಣ ಮೂರು ವರ್ಷಗಳಲ್ಲಿ ಸತ್ತ ಮಕ್ಕಳ ನೆನಪು ಪ್ರಸಂಗಕ್ಕೆ ಪ್ರವೇಶಿಸುವ ಬಾಗಿಲೇ ಇಲ್ಲ. ಭಾಷೆಯ ಮೇಲೆ ಅಷ್ಟು ಹಿಡಿತವಿದ್ದ ಕವಿಯಲ್ಲಿಯೂ ಹೀಗಾಯಿತೆಂದರೆ, ದೋಷವು ಕವಿಯ ಪ್ರತಿಭೆಯಲ್ಲಿಲ್ಲ, ಆ ಪ್ರಸಂಗ ನಿಂತ ನೆಲೆಯಲ್ಲಿದೆ.

2. ಎರಡು ಚಿತ್ರಗಳ ಕಥನ

19ನೆಯ ಶತಮಾನದಲ್ಲಿ ಭಾಷೆ ಬದಲಾಯಿತು. ಪೊರಕೆಯ ಸ್ಥಾನಕ್ಕೆ ಕರುಣೆ ಬಂತು. 1869ರಿಂದ ಮರಿಯ ರೈ, 1870ರಿಂದ ಆನಿ ಮ್ಯಾಕ್‌ಫರ್ಸನ್, 1882ರಿಂದ ಡಾ. ಥಾಮಸ್ ಬರ್ನಾರ್ಡೊ ಕೆನಡಕ್ಕೆ ಮಕ್ಕಳನ್ನು ಕಳುಹಿಸತೊಡಗಿದರು. ಕೆನಡ ಒಂದಕ್ಕೇ ಹೋದವರ ಸಂಖ್ಯೆ ಸುಮಾರು 1 ಲಕ್ಷ. ಅವರಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬಡತನವೊಂದೇ ಅವರನ್ನು ‘ಅನಾಥ’ರನ್ನಾಗಿ ಮಾಡಿತು. ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಒಯ್ಯುವುದನ್ನು ಬರ್ನಾರ್ಡೊ ತಾವೇ ‘ಪರೋಪಕಾರಿ ಅಪಹರಣ’ ಎಂದು ಕರೆದು ಸಮರ್ಥಿಸಿಕೊಂಡರು.

ಈ ಚಳವಳಿಯ ಸಾಹಿತ್ಯರೂಪವನ್ನು ಅವರ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಕಾಣಬಹುದು: ಒಂದು ಕಡೆ ಚಿಂದಿಯುಟ್ಟ ಮಗು, ಇನ್ನೊಂದು ಕಡೆ ತೊಳೆದು ಉಡಿಸಿ ಕೆಲಸಕ್ಕೆ ನಿಲ್ಲಿಸಿದ ಅದೇ ಮಗು. ‘ಮುನ್ನ’ ಮತ್ತು ‘ನಂತರ’. ಇಂಥ ಕೆಲವು ಚಿತ್ರಗಳು ಕೃತಕವಾಗಿ ರಚಿಸಿದವೆಂದು 1877ರ ಪಂಚಾಯ್ತಿ ತೀರ್ಪು ಬರ್ನಾರ್ಡೊ ಅವರನ್ನು ಆಕ್ಷೇಪಿಸಿತು. ಆದರೆ ಕೃತಕತೆಗಿಂತ ಗಾಢವಾದ ಸಮಸ್ಯೆ ಆ ರೂಪದಲ್ಲಿಯೇ ಇದೆ. ಎರಡು ಚಿತ್ರಗಳ ಕಥನಕ್ಕೆ ಬದುಕಿ ಉಳಿದ ಮಗು ಬೇಕು. ಸತ್ತ ಮಗುವಿಗೆ ‘ನಂತರ’ವಿಲ್ಲ. ಆದುದರಿಂದ ಆ ಕಥನವು ಅದನ್ನು ಬಿಟ್ಟುಬಿಡಬೇಕು, ಇಲ್ಲವೆ ಪರಲೋಕವನ್ನೇ ಅದರ ‘ನಂತರ’ದ ಚಿತ್ರವನ್ನಾಗಿ ತೋರಿಸಬೇಕು.

ಬಿಟ್ಟುಬಿಟ್ಟದ್ದನ್ನು ಸರ್ಕಾರಿ ಕಡತಗಳು ಹಿಡಿದಿಟ್ಟಿವೆ. ತಪಾಸಣಾಧಿಕಾರಿ ಆಂಡ್ರ್ಯೂ ಡಾಯ್ಲ್ 1875ರಲ್ಲಿ ಒಪ್ಪಿಸಿದ ವರದಿ, ಕೆನಡದ ದೂರದೂರದ ಹೊಲಮನೆಗಳಲ್ಲಿ ಬಿಟ್ಟ ಮಕ್ಕಳನ್ನು ಮತ್ತೆ ಹೋಗಿ ವಿಚಾರಿಸುವವರೇ ಇಲ್ಲವೆಂದು ಹೇಳಿತು. ದತ್ತು ಎಂದರೆ ಸಂಬಳವಿಲ್ಲದೆ ದುಡಿಸಿಕೊಳ್ಳುವುದು ಎಂಬರ್ಥದಲ್ಲಿ ಬಾಲಕಿಯೊಬ್ಬಳು ಕೊಟ್ಟ ವ್ಯಾಖ್ಯಾನವನ್ನು ಅವರು ದಾಖಲಿಸಿದರು. ಆ ಕಾಲದ ಯಾವ ಪ್ರಸಂಗಕ್ಕಿಂತಲೂ ಹರಿತವಾದ ವಿಮರ್ಶೆ ಅದು. ಇಪ್ಪತ್ತು ವರ್ಷಗಳ ಮೇಲೆ, 1895ರ ನವೆಂಬರಿನಲ್ಲಿ, ಬರ್ನಾರ್ಡೊ ಸಂಸ್ಥೆಯಿಂದ ಹೋಗಿದ್ದ ಜಾರ್ಜ್ ಗ್ರೀನ್ ಎಂಬ ಹುಡುಗ ಒಂಟಾರಿಯೊದ ಹೊಲಮನೆಯೊಂದರಲ್ಲಿ ಸತ್ತ. ಅವನ ಮೈಮೇಲಿನ ಗಾಯ, ಹಸಿವು, ಅನಾರೈಕೆ ನ್ಯಾಯಾಲಯದಲ್ಲಿ ಚರ್ಚೆಗೆ ಬಂದವು. ಯಜಮಾನಿಯ ಮೇಲಿನ ಆರೋಪದ ಬಗ್ಗೆ ನ್ಯಾಯದರ್ಶಿಗಳಲ್ಲಿ ಒಮ್ಮತ ಮೂಡಲಿಲ್ಲ. ಇಂಥ ಸಾವುಗಳು ಮತ್ತೆ ಸುದ್ದಿಯಾದ ಮೇಲೆ, 1924ರ ಮಾರ್ಗರೆಟ್ ಬಾಂಡ್‌ಫೀಲ್ಡ್ ನಿಯೋಗದ ಶಿಫಾರಸಿನಂತೆ, ಹೆತ್ತವರಿಲ್ಲದೆ ಬರುವ 14 ವರ್ಷದೊಳಗಿನ ಮಕ್ಕಳಿಗೆ ಕೆನಡ ಬಾಗಿಲು ಮುಚ್ಚಿತು. ಆದರೂ ಆಸ್ಟ್ರೇಲಿಯಕ್ಕೆ ರವಾನೆ ಎರಡನೆಯ ಮಹಾಯುದ್ಧದ ನಂತರವೂ ನಡೆಯಿತು. ಆಸ್ಟ್ರೇಲಿಯದ ಪ್ರಧಾನಿ 2009ರಲ್ಲಿ, ಬ್ರಿಟನ್ನಿನ ಪ್ರಧಾನಿ 2010ರಲ್ಲಿ ಕ್ಷಮೆ ಕೋರಿದರು. ಆ ಕ್ಷಮೆಯನ್ನು ಸತ್ತವರು ಕೇಳಲಿಲ್ಲ.

3. ಧಾತು-ಈಶ್ವರದ ಮಕ್ಕಳು

ಇದೆಲ್ಲ ಪರದೇಶದ ಸಂಗತಿ ಎಂದು ನಾವು ದೂರ ನಿಲ್ಲಲಾಗದು. ಬರ್ನಾರ್ಡೊ ಚಿತ್ರಗಳ ವಿಚಾರಣೆ ನಡೆದ ಅದೇ 1877ರಲ್ಲಿ ಕನ್ನಡ ನಾಡು ಧಾತು-ಈಶ್ವರ ಬರದಲ್ಲಿ ಬೇಯುತ್ತಿತ್ತು. ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ಬಾಗಲಕೋಟೆ-ವಿಜಯಪುರ ಸೀಮೆ, ಸುಮಾರು 8 ಲಕ್ಷದಿಂದ 6.4 ಲಕ್ಷದ ಆಸುಪಾಸಿಗೆ ಬಂತು. ಸಾವಳಗಿಯ ಸೀಮೆಯನ್ನು ಆಳುತ್ತಿದ್ದ ಜಮಖಂಡಿ ಸಂಸ್ಥಾನ ಆ ಲೆಕ್ಕಕ್ಕೆ ಸೇರಿದ್ದಲ್ಲ; ಆದರೆ ಮಳೆ ಸಂಸ್ಥಾನದ ಗಡಿ ನೋಡಿ ಹಿಂದೆ ಸರಿಯಲಿಲ್ಲ.

ಮಿಷನ್ನುಗಳು ಆಗ ಬಾಗಿಲು ತೆರೆದವು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ಸ್ಥಾಪಿಸಿತು. 1834ರಲ್ಲಿ ಮಂಗಳೂರಿಗೆ ಬಂದು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಗೊಂಡಿದ್ದ ಬಾಸೆಲ್ ಮಿಷನ್ ಬರದ ಮಕ್ಕಳಿಗೆ ಅನ್ನ, ಓದು, ಕಸುಬು ಕೊಟ್ಟಿತು. ಇದು ನಿಜವಾದ ಜೀವದಾನ. ಸರ್ಕಾರಿ ಪರಿಹಾರ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ ದುಡಿಯುವ ವಯಸ್ಕನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೇ ಸಾಕೆಂದು ಗೊತ್ತುಪಡಿಸಿದ್ದ ಕಾಲದಲ್ಲಿ, ಬೀದಿಯಲ್ಲಿ ಬಿದ್ದ ಮಗುವನ್ನು ಎತ್ತಿಕೊಂಡವರನ್ನು ಬ್ರಿಟಿಷ್ ವಲಸೆಯ ವ್ಯವಸ್ಥಾಪಕರೊಂದಿಗೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಲಂಡನ್ನಿನ ಮಗುವಿಗೆ ಊರಿನಲ್ಲಿ ಉಳಿಯುವ ದಾರಿ ಇತ್ತು. ಕಲಾದಗಿಯ ಮಗುವಿಗೆ ಅನೇಕ ಸಲ ಇರಲಿಲ್ಲ.

ಆದರೆ ಕೃತ್ಯ ಭಿನ್ನವಾದರೂ ಕಥನ ಒಂದೇ ಆಯಿತು. ಮಿಷನ್ ವರದಿಗಳೂ ಯುರೋಪಿನ ದಾನಿಗಳಿಗಾಗಿ ಬರೆದವು. ಅವುಗಳಿಗೂ ‘ನಂತರ’ ಬೇಕಾಗಿತ್ತು. ಬರದ ಮಕ್ಕಳು ಅನಾಥಾಲಯ ಸೇರುವಾಗಲೇ ಅತಿಸಾರದಿಂದ, ನಿಶ್ಶಕ್ತಿಯಿಂದ ಸಾವಿನ ಅಂಚಿನಲ್ಲಿರುತ್ತಿದ್ದರು. ಅನ್ನ ಸಿಕ್ಕ ಮೇಲೂ ಅನೇಕರು ಉಳಿಯಲಿಲ್ಲ. ಉಳಿದವರು ನೇಕಾರರಾಗಿ, ಉಪದೇಶಿಗಳಾಗಿ ವರದಿಯ ಪುಟಗಳಲ್ಲಿ ನಡೆದಾಡುತ್ತಾರೆ, ಸತ್ತವರು ಸಂಖ್ಯೆಯಾಗುತ್ತಾರೆ. ಅಥವಾ ಕೊನೆಯುಸಿರಿಗೆ ಮುನ್ನ ದೀಕ್ಷಾಸ್ನಾನ ಪಡೆದ ಆತ್ಮಗಳಾಗಿ ಲಾಭದ ಕಡೆಗೆ ಬರೆಯಲ್ಪಡುತ್ತಾರೆ. ಹೊಸ ಹೆಸರಿನಲ್ಲಿ ಹೂಳಲ್ಪಟ್ಟ ಮಗುವನ್ನು, ಅದರ ಹಳೆಯ ಹೆಸರು ಹಿಡಿದು ಹುಡುಕಿಕೊಂಡು ಬಂದ ತಾಯಿ ಹೇಗೆ ಗುರುತಿಸಿಯಾಳು? ಮುಂದೆ ರೂಪುಗೊಂಡ ಕ್ಷಾಮ ಸಂಹಿತೆಗಳು ಅನಾಥ ಮಗುವಿಗೆ ಮೊದಲು ಬಂಧುಗಳನ್ನೂ ಸ್ವಜನರನ್ನೂ ಹುಡುಕಬೇಕೆಂದು ವಿಧಿಸಿದ್ದು ಈ ಭಯದಿಂದಲೇ.

ಇಲ್ಲಿ ಎರಡು ಪದಗಳ ಅಂತರ ಗಮನಾರ್ಹ. ‘ಅನಾಥ’ ಎಂದರೆ ಒಡೆಯನಿಲ್ಲದವನು. ಎತ್ತಿಕೊಂಡವನು ಒಡೆಯನಾಗಲು ಆ ಪದ ಎಡೆಮಾಡುತ್ತದೆ. ‘ತಬ್ಬಲಿ’ ಎಂಬ ನಮ್ಮ ಮಾತು ಒಡೆತನವನ್ನು ಕೇಳುವುದಿಲ್ಲ, ಅಗಲಿಕೆಯನ್ನು ಹೇಳುತ್ತದೆ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಸಾಯಲು ಹೊರಡುವ ಮುನ್ನ ಕರುವನ್ನು ತನ್ನ ಒಡಹುಟ್ಟಿದಂಥ ಹಸುಗಳಿಗೆ ಒಪ್ಪಿಸುತ್ತದೆ. ತಬ್ಬಲಿಗೂ ಒಂದು ಹಟ್ಟಿ ಇದೆ ಎಂಬುದು ಆ ಹಾಡಿನ ತಿಳಿವು. ಹಾಗೆಯೇ ಉತ್ತರ ಕರ್ನಾಟಕದ ‘ಗುಳೆ’ ಎಂಬ ಮಾತಿನಲ್ಲಿ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡುವ ಚಿತ್ರವಿದೆ. ಗುಳೆ ಹೋದ ಮಗು ದಾರಿಯಲ್ಲಿ ಸತ್ತರೆ ಅಳಲು ತಾಯಿ ಇರುತ್ತಾಳೆ. ಬ್ರಿಟಿಷ್ ಮಕ್ಕಳ ವಲಸೆಯಲ್ಲಿ ಹೋದದ್ದು ಮಗು ಮಾತ್ರ.

4. ಸತ್ತವರು ತನ್ನವರಾದಾಗ

ಈ ಸಾಹಿತ್ಯಕ್ಕೆ ಅಪವಾದವೆನಿಸುವ ಬರವಣಿಗೆ ಪಂಡಿತಾ ರಮಾಬಾಯಿ ಅವರದು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ, ಕಾರ್ಕಳದ ಮಾಳ ಮೂಲದ ಮನೆತನದ ಈ ಮಗಳು, 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. 1897ರಲ್ಲಿ ಮಧ್ಯಪ್ರಾಂತದಿಂದ, 1900ರಲ್ಲಿ ಗುಜರಾತಿನಿಂದ ಬರಪೀಡಿತ ಹೆಣ್ಣುಮಕ್ಕಳನ್ನು ಕೇಡಗಾಂವದ ಮುಕ್ತಿ ಸದನಕ್ಕೆ ಕರೆತಂದಾಗ ಅವರು ದಾನಿಯ ಎತ್ತರದಿಂದ ಮಾತನಾಡಲಿಲ್ಲ. ತನ್ನ ಮನೆಯವರ ಹಸಿವನ್ನೂ ಸಾವನ್ನೂ ಮೊದಲು ಹೇಳಿ, ಬಳಿಕ ಆ ಮಕ್ಕಳ ಹಸಿವನ್ನು ಹೇಳಿದರು. ಆದುದರಿಂದ ಅವರ ಬರವಣಿಗೆಯಲ್ಲಿ ಸತ್ತವರಿಗೆ ಜಾಗವಿದೆ. ಸತ್ತವರು ಅವರ ಸ್ವಂತದವರು. ಆ ಮಕ್ಕಳೂ ತಮ್ಮ ಭಾಷೆಯಿಂದ, ಊರಿನಿಂದ ದೂರವಾದರೆಂಬುದು ನಿಜ. ಆದರೆ ಬರೆಯುವವಳು ತಾನೂ ಬರದ ಮಗುವಾಗಿರುವಲ್ಲಿ ಕಥನದ ನೈತಿಕತೆ ಬದಲಾಗುತ್ತದೆ.

5. ಅಳತೆಯ ಹಿರಿಯರು

ದೇವಶಾಸ್ತ್ರೀಯವಾಗಿ ಈ ಮೌನಕ್ಕೆ ಉತ್ತರವೇನು? ಪರಲೋಕವನ್ನು ‘ನಂತರ’ದ ಚಿತ್ರವನ್ನಾಗಿ ಬಳಸುವುದನ್ನು ನಾವು ಒಪ್ಪಲಾರೆವು. ಪುನರುತ್ಥಾನದ ನಿರೀಕ್ಷೆ ಸತ್ತ ಮಗುವಿಗೆ ಸೇರಿದ್ದು. ಅದನ್ನು ಬದುಕಿರುವವರ ಲೆಕ್ಕಪತ್ರ ಸರಿದೂಗಿಸಲು ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮತ್ತಾಯನು ಬೇತ್ಲೆಹೇಮಿನ ಶಿಶುಗಳ ಹತ್ಯೆಯನ್ನು ಹೇಳಿದ ಮೇಲೆ ಸಾಂತ್ವನದ ಮಾತನ್ನು ಜೋಡಿಸುವುದಿಲ್ಲ. ಸಮಾಧಾನವನ್ನು ನಿರಾಕರಿಸುವ ರಾಹೇಲಳನ್ನು ಹಾಗೆಯೇ ಬಿಡುತ್ತಾನೆ (2:18). ಆದಿಕಾಂಡ 21ರಲ್ಲಿ ಹಾಗರಳು ಮಗನನ್ನು ಪೊದೆಯ ಕೆಳಗೆ ಬಿಟ್ಟು ದೂರ ಕುಳಿತಾಗ, ದೇವರು ಹುಡುಗನ ದನಿಯನ್ನು ಅವನು ಬಿದ್ದಿದ್ದ ಸ್ಥಳದಲ್ಲಿಯೇ ಕೇಳುತ್ತಾನೆ, ತಾಯಿಗೆ ಅವನನ್ನು ಕೈಹಿಡಿದು ಎತ್ತಲು ಹೇಳುತ್ತಾನೆ. ಅಲ್ಲಿ ರಕ್ಷಣೆ ತಾಯಿಯಿಂದ ಮಗುವನ್ನು ಬೇರ್ಪಡಿಸುವುದಿಲ್ಲ, ಮರಳಿ ಕೂಡಿಸುತ್ತದೆ.

ಇನ್ನೂ ನೇರವಾದ ಮಾದರಿ ಧರ್ಮೋಪದೇಶಕಾಂಡ 21:1-9ರಲ್ಲಿದೆ. ಹೊಲದಲ್ಲಿ ಕೊಲೆಯಾದವನ ಶವ ಸಿಕ್ಕಿ, ಕೊಂದವರು ಯಾರೆಂದು ತಿಳಿಯದಿದ್ದರೆ, ಹಿರಿಯರು ಬಂದು ಶವದಿಂದ ಸುತ್ತಲಿನ ಊರುಗಳಿಗೆ ಇರುವ ದೂರವನ್ನು ಅಳೆಯಬೇಕು. ಹತ್ತಿರದ ಊರು ಹೊಣೆ ಹೊರಬೇಕು. ಈ ವಿಧಿ ಅಪರಾಧಿಯನ್ನು ಹುಡುಕುವುದಿಲ್ಲ; ಅಪರಾಧಿ ಸಿಗದಿದ್ದರೂ ಹೊಣೆ ತಪ್ಪದು ಎನ್ನುತ್ತದೆ. ಜಾರ್ಜ್ ಗ್ರೀನ್ ಸತ್ತಾಗ ನ್ಯಾಯಾಲಯ ಯಜಮಾನಿಯ ಅಪರಾಧವನ್ನಷ್ಟೇ ತೂಗಿತು. ಲಂಡನ್ನಿನಿಂದ ಒಂಟಾರಿಯೊವರೆಗಿನ ದೂರವನ್ನು ಯಾವ ಸಭೆಯ ಹಿರಿಯರೂ ಅಳೆಯಲಿಲ್ಲ.

ಈ ಅಳತೆ ಇಂದಿಗೂ ನಮ್ಮ ಕೆಲಸ. ಸಾವಳಗಿ, ಜಮಖಂಡಿ, ಮುಧೋಳದ ಸೀಮೆ ಈಗ ಕಬ್ಬಿನ ನಾಡು. ಕಟಾವಿನ ಕಾಲಕ್ಕೆ ಪರಊರುಗಳಿಂದ ಗ್ಯಾಂಗುಗಳು ಬರುತ್ತವೆ; ಹೊಲದ ಬದುವಿನ ಜೋಪಡಿಗಳಲ್ಲಿ ಶಾಲೆ ಬಿಟ್ಟ ಮಕ್ಕಳು ತಮ್ಮಂದಿರನ್ನು ಎತ್ತಿಕೊಂಡು ಕೂತಿರುತ್ತಾರೆ. ಅಂಥ ಮಕ್ಕಳನ್ನು ಕಂಡು ವಸತಿನಿಲಯಕ್ಕೆ ಕರೆದೊಯ್ಯುವ ಮನಸ್ಸು ಸಭಾಪಾಲಕರಿಗೆ ಸಹಜವಾಗಿ ಬರುತ್ತದೆ. ಆ ಮನಸ್ಸು ಒಳ್ಳೆಯದು. ಆದರೆ ಮಗುವಿನ ಹಳೆಯ ಹೆಸರು, ಊರು, ಬಂಧುಗಳ ವಿವರ ದಾಖಲೆಯಲ್ಲಿ ಉಳಿಯುವುದೇ? ತಾಯಿ ವರ್ಷಕ್ಕೆ ಎಷ್ಟು ಸಲ ಬಂದು ನೋಡಬಹುದು? ಕರೆದೊಯ್ದ ಮೇಲೆ ಮತ್ತೆ ಹೋಗಿ ವಿಚಾರಿಸುವವರು ಯಾರು? ಡಾಯ್ಲ್ 1875ರಲ್ಲಿ ಎತ್ತಿದ ಪ್ರಶ್ನೆಯೇ ಇದು. ಇದಕ್ಕೆ ಉತ್ತರವಿಲ್ಲದ ಸೇವೆಯನ್ನು ನಾವು ಸೇವೆಯೆಂದು ಕರೆಯಬಾರದು.

ಸೆಮಿನರಿಯ ವಿದ್ಯಾರ್ಥಿಗಳ ಮುಂದೆಯೂ ಒಂದು ಕೆಲಸವಿದೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಕಡತಗಳಿವೆ. ಹಳೆಯ ಸಭೆಗಳಲ್ಲಿ ಸಮಾಧಿಯ ದಫ್ತರಗಳಿವೆ. ಅವುಗಳನ್ನು ನಾವು ಇದುವರೆಗೆ ಸಂಸ್ಥೆಗಳ ಚರಿತ್ರೆಗಾಗಿ ಓದಿದ್ದೇವೆ. ಇನ್ನು 1876ರಿಂದ 1878ರವರೆಗಿನ ಪುಟಗಳನ್ನು ಮಕ್ಕಳ ಹೆಸರಿಗಾಗಿ ಓದಬೇಕು: ಹಳೆಯ ಹೆಸರು ದಾಖಲಾಗಿದ್ದರೆ ಅದನ್ನೂ, ಬಂದ ಊರನ್ನೂ, ವಯಸ್ಸನ್ನೂ ಬರೆದುಕೊಳ್ಳಬೇಕು. ಡಿಸೆಂಬರ್ 28ರಂದು ನಿರ್ದೋಷ ಶಿಶುಗಳ ಸ್ಮರಣೆಯ ಆರಾಧನೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಓದಬೇಕು. ಹೆಸರು ಸಿಗದ ಕಡೆ, ಹೆಸರು ಸಿಗಲಿಲ್ಲವೆಂದು ಗಟ್ಟಿಯಾಗಿ ಹೇಳಬೇಕು. ಸಭೆಯ ಹಿರಿಯರು ಹೊಲಕ್ಕೆ ಬಂದು ಅಳತೆ ಆರಂಭಿಸಿದ್ದಾರೆಂಬುದಕ್ಕೆ ಅಷ್ಟು ಸಾಕ್ಷಿಯಾದರೂ ಇರಲಿ.