ಅಮ್ಮನ ವಾರಕ್ಕೆ ಒಂಬತ್ತು ದಿನ

ನಮ್ಮಮ್ಮ ಓಡ್ತಾರೆ. ವಯಸ್ಸು 62. ಗುಂಡ್ಲುಪೇಟೆ ಸುತ್ತಮುತ್ತ ಪ್ರೈಮರಿ ಸ್ಕೂಲ್ ಮೇಡಂ ಆಗಿದ್ದು 60ಕ್ಕೆ ರಿಟೈರ್ ಆದವರು. ಶುಗರ್ ಗಡೀಲಿದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಕಾಲೇಜು ಮೈದಾನಕ್ಕೆ ಹೋಗೋಕೆ ಶುರು ಮಾಡಿದ್ರು. ಆರು ತಿಂಗಳಲ್ಲಿ ನಡಿಗೆ ಬೇಜಾರಾಗಿ ಓಡೋಕೆ ಶುರು ಮಾಡಿದ್ರು. ಚೂಡಿದಾರ, ಮೇಲೊಂದು ಸ್ವೆಟರ್, ತಲೆಗೆ ಸ್ಕಾರ್ಫು. ಚಾಮರಾಜನಗರದ ಹತ್ತಿರದ ಹಳ್ಳಿಯಲ್ಲಿರೋ ದೊಡ್ಡಮ್ಮ ಒಂದ್ಸಲ ಬಂದವರು ನೋಡಿ, "ಯಾಕವ್ವ ಹಿಂಗೆ ಓಡ್ತೀಯೆ, ಯಾರಾದ್ರೂ ಅಟ್ಟಿಸ್ಕಂಡ್ ಬಂದ್ರಾ?" ಅಂದಿದ್ರು.

ನಾನು ಬೆಂಗಳೂರಲ್ಲಿ ಆಫೀಸಿನ ರನ್ನಿಂಗ್ ಗ್ರೂಪಿನವರ ಜೊತೆ ಭಾನುವಾರ ಓಡೋ ಪೈಕಿ. ಅಮ್ಮ ಓಡ್ತಿದ್ದಾರೆ ಅಂದ ತಕ್ಷಣ ನನ್ನೊಳಗಿನ ಪ್ರಾಜೆಕ್ಟ್ ಮ್ಯಾನೇಜರ್ ಎದ್ದು ಕೂತ. ಜೋ ಫ್ರೀಲ್ ಬರೆದ 'ಫಾಸ್ಟ್ ಆಫ್ಟರ್ 50' ತರಿಸಿದೆ. 2015ರಲ್ಲಿ ಬಂದ ಪುಸ್ತಕ. ವಯಸ್ಸಾದ ಓಟಗಾರರು, ಸೈಕ್ಲಿಸ್ಟುಗಳು ಏನು ಓದಬೇಕು ಅಂದ್ರೆ ಎಲ್ಲರೂ ಇದನ್ನೇ ಹೇಳ್ತಾರೆ. ಓದಿ, ಅಮ್ಮನಿಗೊಂದು ಎಕ್ಸೆಲ್ ಶೀಟ್ ಮಾಡಿ ಪ್ರಿಂಟ್ ತೆಗೆದು ಕೊಟ್ಟೆ. ಮಂಗಳವಾರ ಸಾಧಾರಣ ಓಟ, ಬುಧವಾರ ಜೋರಾದ ಸುತ್ತುಗಳು, ಭಾನುವಾರ ಉದ್ದ ಓಟ. ಮುಂದೆ ಮೈಸೂರಲ್ಲೊಂದು ಹಾಫ್ ಮ್ಯಾರಥಾನ್.

ಏಳನೇ ವಾರಕ್ಕೆ ಊರಿಗೆ ಹೋದಾಗ ನೋಡಿದ್ರೆ, ಬೆಳಿಗ್ಗೆ ಎದ್ದ ಅಮ್ಮ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ದಾರೆ. ಹಿಮ್ಮಡಿ ಮೇಲೆ ಊದಿದೆ. "ಮೊದಲ ಹತ್ತು ಹೆಜ್ಜೆ ಅಷ್ಟೇ ಕಣಪ್ಪ, ಆಮೇಲೆ ಸರಿಹೋಯ್ತದೆ" ಅಂದ್ರು. ಎಷ್ಟು ದಿನದಿಂದ ಅಂತ ಕೇಳಿದ್ರೆ ಮೂರು ವಾರ! ಗೋಡೆಗೆ ಅಂಟಿಸಿದ ಶೀಟಲ್ಲಿ ಮಾತ್ರ ಎಲ್ಲಾ ಖಾನೆಗೂ ಟಿಕ್ ಬಿದ್ದಿತ್ತು. ಸರ್ವೀಸ್ ಪೂರ್ತಿ ಹಾಜರಿ ಪುಸ್ತಕದಲ್ಲಿ ಒಂದು ಖಾನೆ ಖಾಲಿ ಬಿಡದ ಹೆಂಗಸು. ನಾನು ಕೊಟ್ಟಿದ್ದನ್ನ ಹೇಗೆ ಬಿಟ್ಟಾರು?

ಹಾಗಾಗಿ ಈ ವಿಮರ್ಶೆ ಸ್ವಲ್ಪ ತಡವಾಗಿ ಬರೀತಿದ್ದೀನಿ. ತಪ್ಪು ಪುಸ್ತಕದ್ದಾ, ಓದಿದವನದ್ದಾ ಅಂತ ಮೊದಲು ತೀರ್ಮಾನ ಆಗಬೇಕಿತ್ತು.

ಪುಸ್ತಕ ಕೆಟ್ಟದ್ದಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಫ್ರೀಲ್ ತಾವೇ 70ರ ಹೊಸ್ತಿಲಲ್ಲಿ ನಿಂತು ಬರೆದಿದ್ದು. ಅವರು ಹೇಳೋದು ಮೂರು ಮಾತು. ವಯಸ್ಸಾದಂತೆ ದೇಹ ಆಮ್ಲಜನಕ ಬಳಸೋ ಶಕ್ತಿ ಇಳಿಯುತ್ತೆ, ಕೊಬ್ಬು ಕೂಡುತ್ತೆ, ಸ್ನಾಯು ಕರಗುತ್ತೆ. ಇದೆಲ್ಲ ಬರೀ ವಯಸ್ಸಿನಿಂದ ಆಗೋದಲ್ಲ. ವಯಸ್ಸಾಯ್ತು ಅಂತ ನಾವು ಎಲ್ಲವನ್ನೂ ನಿಧಾನ ಮಾಡಿಬಿಡೋದರಿಂದಲೂ ಆಗುತ್ತೆ ಅನ್ನೋದು ಅವರ ವಾದ. ಅದು ನಿಜ. ಸುಮ್ಮನೆ ಕೂತವರಲ್ಲಿ ಆ ಶಕ್ತಿ ದಶಕಕ್ಕೆ ಸುಮಾರು ಶೇ. 10ರಷ್ಟು ಇಳಿದ್ರೆ, ಬಿಡದೆ ಗಟ್ಟಿ ತರಬೇತಿ ಮಾಡಿದವರಲ್ಲಿ ಇಳಿತ ಹೆಚ್ಚುಕಡಿಮೆ ಅದರ ಅರ್ಧ. ಅದಕ್ಕೇ ಅವರು ಮದ್ದಾಗಿ ಕೊಡೋದು: ಆಗಾಗ ಜೋರಾಗಿ ಓಡಿ, ಭಾರ ಎತ್ತಿ, ಚೆನ್ನಾಗಿ ನಿದ್ದೆ ಮಾಡಿ.

ತಕರಾರು ಶುರುವಾಗೋದು ಈ ಮಾತನ್ನ ಯಾರಿಗೆ ಹೇಳ್ತಿದ್ದಾರೆ ಅನ್ನೋ ಕಡೆ. ಪುಸ್ತಕದ ಕಣ್ಣೆದುರು ಇರೋದು ಮೂವತ್ತು ವರ್ಷದಿಂದ ರೇಸ್ ಮಾಡ್ತಾ ಬಂದು, ಇದ್ದ ವೇಗ ಕಳ್ಕೊಳ್ತಿರೋ ವ್ಯಕ್ತಿ. ನಮ್ಮಮ್ಮನಿಗೆ ಕಳ್ಕೊಳ್ಳೋಕೆ ವೇಗವೇ ಇರಲಿಲ್ಲ. ಹೊಸದಾಗಿ ಓಡೋರಲ್ಲಿ ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದ್ಕೊಳ್ಳುತ್ತೆ. ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ಅಕಿಲಿಸ್ ಟೆಂಡನ್‌ಗೆ ತಿಂಗಳುಗಳೇ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ವಯಸ್ಸಾದ ಓಟಗಾರರಿಗೆ ಮೀನಖಂಡ, ಅಕಿಲಿಸ್ ನೋವು ಜಾಸ್ತಿ ಬರೋದು ಇದಕ್ಕೇ. ಉಸಿರು "ಆಗುತ್ತೆ, ಓಡು" ಅನ್ನುತ್ತೆ, ಕಾಲು ಇನ್ನೂ ತಯಾರಾಗಿರಲ್ಲ. ಇಂಥ ಹೊಸಬರಿಗೆ ಬುಧವಾರದ ಜೋರು ಸುತ್ತು ಕೊಟ್ಟವನು ನಾನು, ಫ್ರೀಲ್ ಅಲ್ಲ.

ಎರಡನೇ ತಕರಾರು ತಟ್ಟೆಯದ್ದು. ಇದು ನೇರ ಫ್ರೀಲ್ ಮೇಲೇ. ಇವರು 2005ರಲ್ಲಿ ಲೋರೆನ್ ಕಾರ್ಡೈನ್ ಜೊತೆ ಸೇರಿ ಕ್ರೀಡಾಪಟುಗಳಿಗೆ ಪೇಲಿಯೋ ಡಯಟ್ ಅಂತ ಪುಸ್ತಕ ಬರೆದವರು. ಇಲ್ಲೂ ಅವರ ಒಲವು ಪಿಷ್ಟ ಕಡಿಮೆ, ಕೊಬ್ಬು ಹೆಚ್ಚು ಅನ್ನೋ ಕಡೆಗೇ. ಪೇಲಿಯೋ ಅಂದ್ರೆ ಧಾನ್ಯ ಬೇಡ, ಕಾಳು ಬೇಡ, ಹಾಲು ಮೊಸರು ಬೇಡ. ಗುಂಡ್ಲುಪೇಟೆಯ ಊಟದಿಂದ ಇವಿಷ್ಟನ್ನೂ ತೆಗೆದ್ರೆ ತಟ್ಟೇಲಿ ಉಳಿಯೋದು ಸೊಪ್ಪು, ಉಪ್ಸಾರಿನ ಖಾರ!

ಹಾಗಂತ ನಮ್ಮ ಕಡೆಯವರು ಹೇಳೋದನ್ನ ಒಪ್ಪಬೇಕಾ? ಅವರದ್ದೂ ಒಂದು ಸಾಹಿತ್ಯ ಇದೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ದಿನಾ ಬರುತ್ತೆ. ಮುದ್ದೆ ತಿಂದೋರಿಗೆ ಯಾವ ಪ್ರೋಟೀನ್ ಪೌಡರೂ ಬೇಡ ಅನ್ನೋದು ಅದರ ಸಾರಾಂಶ. 100 ಗ್ರಾಂ ರಾಗೀಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಹಾಲಿನಲ್ಲಿ ಇರೋದರ ಮೂರರಷ್ಟು ಹತ್ತಿರ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯೋ ಹೆಂಗಸರಿಗೆ ಇದು ಒಳ್ಳೇದೇ. ಆದ್ರೆ ಪ್ರೋಟೀನ್? 100 ಗ್ರಾಂಗೆ ಬರೀ 7 ಗ್ರಾಂ.

ನಮ್ಮ ದೇಶದ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಮಾಣ, ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರ ಸ್ನಾಯು ಪ್ರೋಟೀನಿಗೆ ಅಷ್ಟು ಸುಲಭಕ್ಕೆ ಸ್ಪಂದಿಸಲ್ಲ ಅಂತ 2013ರಲ್ಲಿ ಒಂದು ಅಂತಾರಾಷ್ಟ್ರೀಯ ತಜ್ಞರ ಗುಂಪು 65 ದಾಟಿದವರಿಗೆ 1ರಿಂದ 1.2 ಗ್ರಾಂ, ವ್ಯಾಯಾಮ ಮಾಡೋರಿಗೆ ಅದಕ್ಕೂ ಮೇಲೆ ಅಂತು. ಅಮ್ಮ 55 ಕೆಜಿ. ಅಂದ್ರೆ 66 ಗ್ರಾಂ ಆದ್ರೂ ಬೇಕು. ಒಂದು ದಿನ ಅಡುಗೆಮನೇಲಿ ಕೂತು ಅವರು ತಿಂದಿದ್ದೆಲ್ಲ ಬರ್ಕೊಂಡೆ. ಎರಡು ಇಡ್ಲಿ, ಮುದ್ದೆ, ಸಾರು, ಅನ್ನ, ಮಜ್ಜಿಗೆ, ಕಾಫಿ. ಎಷ್ಟು ಉದಾರವಾಗಿ ಲೆಕ್ಕ ಹಾಕಿದ್ರೂ 35 ಗ್ರಾಂ ದಾಟಲಿಲ್ಲ.

ಅವತ್ತೇ ಇನ್ನೊಂದು ಕಣ್ಣಿಗೆ ಬಿತ್ತು. ಉಪ್ಸಾರಿಗೆ ಅವರೆಕಾಳು, ಸೊಪ್ಪು ಬೇಯಿಸಿ ಬಸಿದ್ರು. ಬಸಿದ ಕಾಳಿಗೆ ಒಗ್ಗರಣೆ ಹಾಕಿ ನಮಗೆ ಪಲ್ಯ. ಕೊನೇಲಿ ಅಮ್ಮ ಊಟಕ್ಕೆ ಕೂರೋ ಹೊತ್ತಿಗೆ ಪಲ್ಯ ಮುಗಿದಿತ್ತು, ಅವರು ಮುದ್ದೆಯನ್ನ ಬರೀ ಕಟ್ಟಲ್ಲೇ ಉಂಡ್ರು. ಕಾಳು ನಮ್ಮ ತಟ್ಟೆಗೆ, ಕಟ್ಟು ಅವರ ತಟ್ಟೆಗೆ. ನಾನು ಹುಟ್ಟಿದಾಗಿಂದ ಹೀಗೇ ನಡೀತಿರಬೇಕು, ನಾನು ನೋಡಿರಲಿಲ್ಲ. ಫ್ರೀಲ್ ಪುಸ್ತಕ ತಿರುವಿದ್ರೆ ಇದು ಸಿಗಲ್ಲ. ವಾಟ್ಸಾಪಿನ ಮುದ್ದೆ ಪುರಾಣದಲ್ಲೂ ಸಿಗಲ್ಲ. ಇಬ್ಬರೂ ಏನು ತಿನ್ನಬೇಕು ಅಂತ ಹೇಳ್ತಾರೆ, ಮನೇಲಿ ಯಾರು ಕೊನೇಲಿ ತಿಂತಾರೆ ಅಂತ ಕೇಳಲ್ಲ.

ಈಗ ಅಮ್ಮ ಮೊದಲು ಒಂದು ಬಟ್ಟಲು ಪಲ್ಯ ತೆಗೆದಿಟ್ಟು ಆಮೇಲೆ ಬಡಿಸ್ತಾರೆ. ಸಂಜೆ ಬೇಯಿಸಿದ ಹುರುಳಿಕಾಳು, ಸೋಮವಾರ ಬಿಟ್ಟು ಮಿಕ್ಕ ದಿನ ಎರಡು ಮೊಟ್ಟೆ, ರಾತ್ರಿ ಒಂದು ಲೋಟ ಹಾಲು. 50 ಗ್ರಾಂ ಹುರುಳೀಲಿ 11 ಗ್ರಾಂ, ಅಷ್ಟೇ ಅವರೇಲಿ 10, ಎರಡು ಮೊಟ್ಟೇಲಿ 12, ಲೋಟ ಹಾಲಲ್ಲಿ 6 ಗ್ರಾಂ ಪ್ರೋಟೀನ್ ಸಿಗುತ್ತೆ. ಪೌಡರ್ ಡಬ್ಬಿ ಬೇಕಾಗಲಿಲ್ಲ. ಶುಗರ್ ಗಡೀಲಿರೋದರಿಂದ ಕಿಡ್ನಿ ಹೇಗಿದೆ ಅಂತ ಡಾಕ್ಟರ್ ಹತ್ರ ಪರೀಕ್ಷೆ ಮಾಡಿಸಿಯೇ ಇದನ್ನ ಶುರು ಮಾಡಿದ್ದು. ನೀವೂ ಮೊದಲು ಅದನ್ನ ಮಾಡಿಸಿ.

ವಾಟ್ಸಾಪಿನ ಇನ್ನೊಂದು ಪ್ರಕಾರ ನೂರು ವರ್ಷದ ಅಜ್ಜನ ಕಥೆ. ಫೌಜಾ ಸಿಂಗ್ 2011ರಲ್ಲಿ, ನೂರನೇ ವಯಸ್ಸಲ್ಲಿ ಟೊರಾಂಟೋದಲ್ಲಿ ಮ್ಯಾರಥಾನ್ ಮುಗಿಸಿದ್ರು. ಎಂಟು ಗಂಟೆ ಮೇಲೆ ತಗೊಂಡ್ರು ಅನ್ನೋದನ್ನ ಫಾರ್ವರ್ಡ್ ಮಾಡೋರು ಬಿಟ್ಟಿರ್ತಾರೆ. ನನಗೆ ಈಗ ಅದೇ ಮುಖ್ಯ ಅನ್ನಿಸುತ್ತೆ. ನಮ್ಮ ದೊಡ್ಡಮ್ಮ ಚಾಮರಾಜನಗರದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗ್ತಾರೆ. ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದಲ್ಲಿ ಹತ್ತೋ ಹೊತ್ತಿಗೆ ನೂರು ಕಿಲೋಮೀಟರ್ ಹತ್ತಿರ ಆಗಿರುತ್ತೆ. ಯಾರೂ ಟೈಮ್ ನೋಡಲ್ಲ, ಸುಸ್ತಾದ ಕಡೆ ಕೂರ್ತಾರೆ, ಕೊಟ್ಟಿದ್ದು ತಿಂತಾರೆ, ನೆರಳಲ್ಲಿ ಮಲಗ್ತಾರೆ. ಇದನ್ನ ಹೊಗಳಿ ಮುಗಿಸಿಬಿಡೋದೂ ಮೋಸವೇ. ಬೊಬ್ಬೆ ಬಂದು, ಮಂಡಿ ಹಿಡಿದು ಅರ್ಧಕ್ಕೆ ಬಸ್ಸು ಹತ್ತಿದವರ ಲೆಕ್ಕ ಯಾರ ಹತ್ರಾನೂ ಇಲ್ಲ, ಬೆಟ್ಟ ಮುಟ್ಟಿದವರ ಕಥೆ ಮಾತ್ರ ನಮಗೆ ಕೇಳೋದು.

"ಈ ವಯಸ್ಸಲ್ಲಿ ಓಡಿದ್ರೆ ಮಂಡಿ ಸವೀತದೆ" ಅಂತ ಬೀದಿಯವರೆಲ್ಲ ಅಮ್ಮನಿಗೆ ಹೇಳಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 1984ರಿಂದ, 50 ದಾಟಿದ ಐನೂರಕ್ಕೂ ಹೆಚ್ಚು ಓಟಗಾರರನ್ನೂ ಓಡದವರನ್ನೂ 21 ವರ್ಷ ಹಿಂಬಾಲಿಸಿದ್ರು. ಏಳೋದು, ನಡೆಯೋದು, ಕೈಗೆ ಎಟುಕಿಸೋದರಂಥ ದಿನನಿತ್ಯದ ಕೆಲಸದ ತೊಂದರೆ ಓಟಗಾರರಿಗೆ ಸುಮಾರು 16 ವರ್ಷ ತಡವಾಗಿ ಶುರುವಾಯ್ತು. ಮಂಡಿಯ ಎಕ್ಸ್‌ರೇ ತೆಗೆದು ನೋಡಿದ ಸಣ್ಣ ಗುಂಪಲ್ಲೂ ಓಟಗಾರರಿಗೆ ಸವೆತ ಹೆಚ್ಚಿರಲಿಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದವರೇ ಓಟಕ್ಕೆ ಬಂದಿರಬಹುದು, ಆ ಅನುಮಾನ ಇಟ್ಕೊಂಡೇ ಓದಬೇಕು. ಆದ್ರೂ ಬೀದಿಯವರ ಹೆದರಿಕೆಗೆ ಇದು ಒಳ್ಳೆ ಉತ್ತರ.

ಹಿಮ್ಮಡಿಗೆ ಬರೋಣ. ಮೈಸೂರಲ್ಲಿ ತೋರಿಸಿದ ಫಿಸಿಯೋ ಪೂರ್ತಿ ರೆಸ್ಟ್ ಅನ್ನಲಿಲ್ಲ, ಮೆಟ್ಟಿಲು ಇದೆಯಾ ಅಂತ ಕೇಳಿದ್ರು. ಜಗಲಿ ಮೆಟ್ಟಿಲ ತುದೀಲಿ ಬೆರಳ ಮೇಲೆ ನಿಂತು, ಹಿಮ್ಮಡಿಯನ್ನ ನಿಧಾನಕ್ಕೆ ಕೆಳಗಿಳಿಸೋದು. ಇದನ್ನ 1998ರಲ್ಲಿ ಪ್ರಕಟಿಸಿದವರು ಹಾಕನ್ ಆಲ್ಫ್ರೆಡ್ಸನ್ ಅನ್ನೋ ಸ್ವೀಡನ್ನಿನ ಮೂಳೆ ಡಾಕ್ಟರ್. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಡಿಸಿ ಮೂರು ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ಆ ಅಧ್ಯಯನದವರ ಸರಾಸರಿ ವಯಸ್ಸು ನಲವತ್ತರ ಆಸುಪಾಸು, ಹಾಗಾಗಿ ಅಮ್ಮನಿಗೆ ಅರ್ಧದಿಂದ ಶುರು ಮಾಡಿಸಿದ್ರು. ಜೊತೆಗೆ 5 ಕೆಜಿ ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು ಕುರ್ಚಿಯಿಂದ ಎದ್ದು ಕೂರೋದು. ಫ್ರೀಲ್ ಹೇಳೋ ಭಾರ ಎತ್ತೋ ಅಧ್ಯಾಯದ ಗುಂಡ್ಲುಪೇಟೆ ಆವೃತ್ತಿ ಅದು.

ಕಾಲು ವಾಸಿಯಾಗ್ತಿದ್ದ ಆ ತಿಂಗಳುಗಳಲ್ಲಿ ಪುಸ್ತಕ ಮತ್ತೆ ಓದಿದೆ. ಮೊದಲ ಸಲ ಹಾರಿಸಿದ ಒಂದು ಭಾಗ ಸಿಕ್ತು. ವಯಸ್ಸಾದವರ ದೇಹ ಸುಧಾರಿಸ್ಕೊಳ್ಳೋಕೆ ಹೆಚ್ಚು ಹೊತ್ತು ಬೇಕು, ಏಳು ದಿನದ ವಾರ ಸಾಲದೇ ಇದ್ರೆ ಒಂಬತ್ತು ದಿನದ ವಾರ ಮಾಡ್ಕೊಳ್ಳಿ ಅಂತಾರೆ ಫ್ರೀಲ್. ಅವತ್ತು ಪಕ್ಕದಲ್ಲಿ ಪೆನ್ಸಿಲಲ್ಲಿ 'ಪ್ರಾಕ್ಟಿಕಲ್ ಅಲ್ಲ' ಅಂತ ಬರೆದಿದ್ದೆ. ಯಾರಿಗೆ ಪ್ರಾಕ್ಟಿಕಲ್ ಅಲ್ಲ? ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಇರೋದು ನನಗೆ. ಭಾನುವಾರವೇ ಉದ್ದ ಓಟ ಓಡಬೇಕಾದ ಕರ್ಮವೂ ನಂದೇ. ರಿಟೈರ್ ಆದವರಿಗೆ ಭಾನುವಾರ ಯಾವುದು, ಗುರುವಾರ ಯಾವುದು? ಆ ಪುಸ್ತಕದಲ್ಲಿ ಅಮ್ಮನಿಗೇ ಬರೆದಂತಿದ್ದ ಒಂದೇ ಒಂದು ಮಾತನ್ನ ನನ್ನ ಕ್ಯಾಲೆಂಡರಿಗೆ ಹೊಂದಲ್ಲ ಅಂತ ಹೊಡೆದುಹಾಕಿದ್ದೆ.

ನೀವೂ ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಊರಲ್ಲಿರೋ ಅಪ್ಪ ಅಮ್ಮಂಗೆ ಫಿಟ್‌ನೆಸ್ ಬ್ಯಾಂಡು, ಪ್ಲಾನು ಕಳಿಸೋರಾದ್ರೆ, ಈ ಪುಸ್ತಕ ಓದಿ. ವೇಗದ ಅಧ್ಯಾಯಗಳನ್ನ ಸದ್ಯಕ್ಕೆ ಪಕ್ಕಕ್ಕಿಡಿ, ಊಟದ ಅಧ್ಯಾಯ ಓದೋ ಮೊದಲು ನಿಮ್ಮ ಮನೆ ಅಡುಗೆಮನೇಲಿ ಒಂದು ದಿನ ಕೂತು ನೋಡಿ. ಭಾರ ಎತ್ತೋದನ್ನ, ವಿಶ್ರಾಂತಿಯನ್ನ ಮಾತ್ರ ಅವರು ಹೇಳಿದಂತೆಯೇ ಪಾಲಿಸಿ.

ನಾವು ಹೊಸ ಶೀಟ್ ಮಾಡಿದ್ವಿ. ಒಂದು ದಿನ ಓಟ, ಎರಡು ದಿನ ನಡಿಗೆ ಇಲ್ಲ ಅಕ್ಕಿ ಚೀಲ. ಹೀಗೆ ಮೂರು ಸಲ. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಅಷ್ಟೇ ವೇಗ. ಬೆಳಿಗ್ಗೆ ಹಿಮ್ಮಡಿ ಹಿಡಿದ್ರೆ ಆ ಖಾನೆ ಖಾಲಿ ಬಿಡಬೇಕು. ಖಾಲಿ ಬಿಡೋದನ್ನ ಕಲಿಸೋಕೇ ಜಾಸ್ತಿ ದಿನ ಹಿಡೀತು.

ಮೊನ್ನೆ ಭಾನುವಾರ ಫೋನ್ ಮಾಡಿ, "ಈ ವಾರ ಹೇಗಾಯ್ತಮ್ಮ ಓಟ?" ಅಂದೆ.

"ವಾರ ಇನ್ನೂ ಎಲ್ಲಿ ಮುಗಿದದೆ ಕಣಪ್ಪ" ಅಂದ್ರು. "ಇನ್ನೂ ಮೂರು ದಿನ ಅದೆ."