ಲೆಕ್ಕದ ಮನೆಮಾತು ಯಾವುದು?

ತುಳುವಿನಲ್ಲಿ ಗಣಿತ ಕಲಿಸಬಹುದೇ ಎಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ಸಿದ್ಧ ಉತ್ತರವೊಂದಿದೆ: ‘ಭಿನ್ನರಾಶಿಗೆ, ಛೇದಕ್ಕೆ ತುಳುವಿನಲ್ಲಿ ಶಬ್ದ ಎಲ್ಲಿದೆ?’ ಆ ಶಬ್ದಗಳು ಕನ್ನಡಕ್ಕೂ ಸಂಸ್ಕೃತದಿಂದಲೇ ಬಂದವು. 9ನೆಯ ಶತಮಾನದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ, 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಅಂದು ಸಂಸ್ಕೃತದೆದುರು ಕನ್ನಡ ನಿಂತಿದ್ದ ಜಾಗದಲ್ಲಿ ಇಂದು ಕನ್ನಡದೆದುರು ತುಳು ನಿಂತಿದೆ. ಶಬ್ದವನ್ನು ಎರವಲು ತರಬಹುದು. ಎರವಲು ತರಲಾಗದ್ದು ವಾಕ್ಯ.

ಕನ್ನಡದಲ್ಲಿ ‘ಅದರಿಂದ’ ಬೇರೆ, ‘ಅದಕ್ಕಿಂತ’ ಬೇರೆ. ತುಳುವಿನಲ್ಲಿ ಎರಡಕ್ಕೂ ‘ಐಡ್ದ್’ ಸಾಕು. ಹಾಗಾಗಿ ‘ಎಂಟಕ್ಕಿಂತ ನಾಲ್ಕು ಹೆಚ್ಚು’ ಎಂಬುದನ್ನು ತುಳುವಿನ ಕಿವಿ ‘ಎಂಟರಿಂದ ಹೊರಟು ನಾಲ್ಕು ಮುಂದೆ’ ಎಂದೂ ಕೇಳಬಲ್ಲದು. ಸಂಖ್ಯಾರೇಖೆಯ ಪಾಠ ಹೇಳುವುದೂ ಇದನ್ನೇ. ಆದರೆ ‘ಅದರಿಂದ ನಾಲ್ಕು ಕಳೆ’ ಎನ್ನುವಾಗಲೂ ಬರುವುದು ಅದೇ ‘ಐಡ್ದ್’. ಒಂದೇ ಪ್ರತ್ಯಯ ದಾರಿಯನ್ನೂ ತೋರಿಸಬಹುದು, ಎಡವಿಸಲೂಬಹುದು. ಇದನ್ನು ಅರಿಯದ ತರಗತಿಯಲ್ಲಿ ಓದಿನ ತೊಡಕು ‘ಲೆಕ್ಕದಲ್ಲಿ ಹಿಂದೆ’ ಎಂಬ ಷರಾ ಆಗಿ ಮಗುವಿನ ಹೆಸರಿಗೆ ಅಂಟಿಕೊಳ್ಳುತ್ತದೆ.

ಭಾಷಾಭಿಮಾನಿಗಳ ಉತ್ತರವೂ ನನಗೆ ಸಾಲದು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬ ಹಳೆಯ ಅಳತೆಯಲ್ಲಿ ಮೂರನೇ ಒಂದು ಭಾಗದ ಪಾಠ ಅಡಗಿದೆ, ನಿಜ. ಆದರೆ ಮುಡಿಯನ್ನೇ ಕಾಣದ ಮಗುವಿಗೆ ಅದು ವಸ್ತುಸಂಗ್ರಹಾಲಯದ ಲೆಕ್ಕ. ಇಂದಿನ ಮನೆಯ ಲೆಕ್ಕ ಅಡಿಕೆಯ ಕಿಲೋದಲ್ಲಿದೆ, ರಬ್ಬರ್ ಶೀಟಿನಲ್ಲಿದೆ.

‘ಇಲ್ಲಿ ಅರೆಭಾಷೆ, ಬ್ಯಾರಿ, ಮಲಯಾಳಂ, ಹವ್ಯಕ ಕನ್ನಡವೂ ಇವೆ, ಯಾವುದರಲ್ಲಿ ಕಲಿಸುತ್ತೀರಿ?’ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದಲ್ಲಿ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ನಮ್ಮಲ್ಲಿ ತುಳು ಶಾಲೆಯೊಳಗೆ ಬರುವುದು ಆರನೆಯ ತರಗತಿಯಿಂದ, ಅದೂ ಐಚ್ಛಿಕ ತೃತೀಯ ಭಾಷೆಯಾಗಿ. ಕೂಡು, ಕಳೆ, ಗುಣಿಸು, ಭಾಗಿಸು ಎಲ್ಲ ಮುಗಿದ ಮೇಲೆ ಬರುವ ಆ ತುಳು ಅಂಕ ಗಳಿಸುವ ವಿಷಯವಾಗುತ್ತದೆ, ಯೋಚಿಸುವ ಮಾತಾಗುವುದಿಲ್ಲ.

ಪ್ರತಿ ಮನೆಮಾತಿಗೂ ಒಂದೊಂದು ಪಠ್ಯಪುಸ್ತಕ ಬೇಕಿಲ್ಲ. ಹೇಳಿಕೆ ಲೆಕ್ಕವೆಂದರೆ ಒಂದು ಪುಟ್ಟ ಕತೆ. ಬಿಡಿಸುವ ಮೊದಲು ಆ ಕತೆಯನ್ನು ಮಗು ತನ್ನ ಮಾತಿನಲ್ಲಿ ಪಕ್ಕದವನಿಗೆ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಇದಕ್ಕೆ ಅಕಾಡೆಮಿಯೂ ಬೇಡ, ಆದೇಶವೂ ಬೇಡ. ತರಗತಿಯಲ್ಲಿ ಮನೆಮಾತು ಕೇಳಿದರೆ ಅದನ್ನು ಗದ್ದಲ ಎನ್ನದ ಮೇಷ್ಟ್ರು ಬೇಕು.