ಗ್ರಂಥಸಂಖ್ಯೆಯೂ ಸಾಕ್ಷಿಸಂಖ್ಯೆಯೂ: ವಿಜಯಪುರ ಪ್ರಾಂತದ ವಿದ್ಯಾರ್ಥಿಪ್ರಬಂಧಗಳ ಆಧಾರವಿಚಾರ

ವಿದ್ಯಾರ್ಥಿಗಳು ಬರೆಯುವ ಸಂಶೋಧನಪ್ರಬಂಧಗಳ ಕೊನೆಯಲ್ಲಿ ಆಧಾರಗ್ರಂಥಗಳ ಪಟ್ಟಿಯನ್ನು ಕೊಡುವ ಪದ್ಧತಿಯು ಈಗ ಎಲ್ಲೆಡೆಯಲ್ಲಿಯೂ ರೂಢವಾಗಿದೆ. ಪದ್ಧತಿಯು ಒಳ್ಳೆಯದೇ. ಆದರೆ ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈರ್ಋತ್ಯಕ್ಕಿರುವ ಬಬಲೇಶ್ವರ, ಈ ಪ್ರದೇಶದ ಇತಿಹಾಸವನ್ನೂ ಸಾಹಿತ್ಯವನ್ನೂ ಕುರಿತು ಹುಟ್ಟುತ್ತಿರುವ ಪ್ರಬಂಧಗಳನ್ನು ಸಾಲಾಗಿ ಇಟ್ಟುಕೊಂಡು ಓದುವವರಿಗೆ ಒಂದು ಸಂಗತಿಯು ಬೇಗನೆ ಗೋಚರವಾಗುವದು. ಪಟ್ಟಿಗಳು ಉದ್ದವಾಗುತ್ತಿವೆ, ಪ್ರಬಂಧದಲ್ಲಿಯ ಮಾತುಗಳು ಮಾತ್ರ ಬದಲಾಗುತ್ತಿಲ್ಲ. ಇಪ್ಪತ್ತು ಗ್ರಂಥಗಳನ್ನು ಹೆಸರಿಸಿದವನೂ ಐದನ್ನು ಹೆಸರಿಸಿದವನೂ ಅದೇ ವಾಕ್ಯವನ್ನು ಅದೇ ತಪ್ಪಿನೊಡನೆ ಬರೆಯುತ್ತಾರೆ. ಮಲ್ಲಿನಾಥಸೂರಿಯು ವ್ಯಾಖ್ಯಾನಕ್ಕೆ ತೊಡಗುವಾಗ ಮಾಡಿದ ಪ್ರತಿಜ್ಞೆಯಲ್ಲಿ ಎರಡು ಭಾಗಗಳಿದ್ದುವು. ಒಂದು ಆಧಾರವನ್ನು ಕುರಿತದ್ದು, ಇನ್ನೊಂದು ಮಿತಿಯನ್ನು ಕುರಿತದ್ದು. ಇಂದಿನ ಪಟ್ಟಿಗಳಲ್ಲಿ ಮೊದಲನೆಯದರ ವೇಷವಿದೆ. ಎರಡನೆಯದು ಇಲ್ಲವೇ ಇಲ್ಲ.

ಇಲ್ಲಿ ಮೀಮಾಂಸಕರ ಒಂದು ವಿಚಾರವು ಉಪಯುಕ್ತವಾಗಿದೆ. ಪೂರ್ವಮೀಮಾಂಸೆಯಲ್ಲಿ ಅನುವಾದವೆಂದರೆ ಭಾಷಾಂತರವಲ್ಲ. ಬೇರೊಂದು ಪ್ರಮಾಣದಿಂದ ಮೊದಲೇ ತಿಳಿದುದನ್ನು ತಿರುಗಿ ಹೇಳುವ ವಾಕ್ಯವು ಅನುವಾದ. ಹೊಸದೇನನ್ನೂ ತಿಳಿಸದ ಕಾರಣ ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ಸ್ಮೃತಿಗಳಿಗೂ ಪ್ರಾಮಾಣ್ಯವು ಬರುವದು ಅವುಗಳ ಹಿಂದೆ ಶ್ರುತಿಮೂಲವಿದೆಯೆಂಬ ಊಹೆಯಿಂದಲೇ. ಪ್ರತ್ಯಕ್ಷಶ್ರುತಿಯು ವಿರುದ್ಧವಾಗಿ ನಿಂತಲ್ಲಿ ಸ್ಮೃತಿಯು ಹಿಂದೆ ಸರಿಯತಕ್ಕದ್ದು. ಧರ್ಮವಿಚಾರಕ್ಕಾಗಿ ಹುಟ್ಟಿದ ಈ ನ್ಯಾಯವನ್ನು ಇತಿಹಾಸವಿಚಾರಕ್ಕೆ ತರುವದರಲ್ಲಿ ದೋಷವು ಕಾಣದು. ಒಂದು ಗ್ರಂಥವನ್ನು ನೋಡಿ ಬರೆದ ಹತ್ತು ಗ್ರಂಥಗಳು ಹತ್ತು ಸಾಕ್ಷಿಗಳಲ್ಲ. ಒಂದು ಸಾಕ್ಷಿ, ಹತ್ತು ಅನುವಾದಗಳು.

1565ರ ಯುದ್ಧವನ್ನೇ ತೆಗೆದುಕೊಳ್ಳಬಹುದು. ವಿಜಯಪುರ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದು ಮನೆಯ ಅಂಗಳದ ವಿಷಯ. ಇದನ್ನು ಕುರಿತ ಪ್ರಬಂಧಗಳಿಗೆ ಲೆಕ್ಕವಿಲ್ಲ. ಅವುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಫರಿಶ್ತಾ, ಬ್ರಿಗ್ಸ್, ಸ್ಯುಯೆಲ್ ಈ ಮೂವರೂ, ಅವರ ಬೆನ್ನಿಗೆ ನಾಲ್ಕಾರು ಪಠ್ಯಪುಸ್ತಕಗಳೂ ಇರುತ್ತವೆ. ಇವರ ಸಂಬಂಧವೇನು? ಫರಿಶ್ತಾನು 1589ರಲ್ಲಿ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ತನ್ನ ಫಾರಸಿ ಇತಿಹಾಸವನ್ನು ಬರೆದನು. ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಬ್ರಿಗ್ಸನು 1829ರಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಇಂಗ್ಲೀಷಿಗೆ ತಂದನು. ಆತನ ಭಾಷಾಂತರವು ಅನೇಕ ಕಡೆ ಸಡಿಲವಾದುದೆಂಬದು ವಿದ್ವಾಂಸರಿಗೆ ತಿಳಿದೇ ಇದೆ. 1900ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಸ್ಯುಯೆಲನು ಯುದ್ಧದ ವರ್ಣನೆಯಲ್ಲಿ ಬಹುಮಟ್ಟಿಗೆ ಫರಿಶ್ತಾನನ್ನೇ ಆಶ್ರಯಿಸಿದ್ದಾನೆ. ಪಠ್ಯಪುಸ್ತಕಗಳು ಸ್ಯುಯೆಲನನ್ನು ಆಶ್ರಯಿಸುತ್ತವೆ. ಹೀಗೆ ಪಟ್ಟಿಯಲ್ಲಿ ಏಳೆಂಟು ಹೆಸರುಗಳಿದ್ದರೂ ಸೇನೆಯ ವ್ಯೂಹ, ರಾಮರಾಯನು ಸೆರೆಸಿಕ್ಕ ಬಗೆ ಮೊದಲಾದವುಗಳಿಗೆ ಸಾಕ್ಷಿಯು ಒಬ್ಬನೇ, ಅವನೂ ಕೇಳಿ ಬರೆದವನು.

ಬೇರೆ ಸಾಕ್ಷಿಗಳು ಇಲ್ಲವೆಂದಲ್ಲ. ರಫೀಉದ್ದೀನ ಶಿರಾಜಿಯು ಆ ಕಾಲದಲ್ಲಿಯೇ ವಿಜಯಪುರದ ಅರಸರ ಸೇವೆಯಲ್ಲಿದ್ದವನು. ಅವನ ತಜ್ಕಿರತುಲ್ ಮುಲೂಕ್ ಎಂಬ ಗ್ರಂಥವು ಫರಿಶ್ತಾನ ನೆರಳಿನಲ್ಲಿ ಬೆಳೆದುದಲ್ಲ. ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ಪಾಳುಬಿದ್ದ ವಿಜಯನಗರದಲ್ಲಿ ಏಳು ತಿಂಗಳು ತಂಗಿದ್ದನು. ರಾಮರಾಯನ ಸೇನೆಯ ಇಬ್ಬರು ಮುಸಲ್ಮಾನ ನಾಯಕರು ದ್ರೋಹ ಬಗೆದರೆಂಬ ಪ್ರಸಿದ್ಧವಾದ ಮಾತಿಗೆ ಮುಖ್ಯವಾದ ಮೂಲವು ಈತನ ಬರಹ. ಇಂತಹ ಮಾತನ್ನು ಬರೆದು ಅದರ ಕೆಳಗೆ ಬರಿದೇ ಒಂದು ಪಠ್ಯಪುಸ್ತಕದ ಹೆಸರನ್ನು ಹಾಕಿದರೆ, ಓದುವವನಿಗೆ ಅದು ಪರದೇಶದ ವರ್ತಕನು ಊರಿನ ಬಾಯಿಂದ ಕೇಳಿದ ವಾರ್ತೆಯೋ, ಆಸ್ಥಾನದ ಚರಿತ್ರಕಾರನ ಹೇಳಿಕೆಯೋ ತಿಳಿಯುವ ಬಗೆಯಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬಸಾತೀನುಸ್ ಸಲಾತೀನ್ ಎಂಬ ಗ್ರಂಥವು ಫಾರಸಿಯಲ್ಲಿದೆ, ಆದಿಲಶಾಹಿಗಳ ಚರಿತ್ರೆಯನ್ನು ಹೇಳುತ್ತದೆ ಎಂಬಷ್ಟರಿಂದಲೇ ಅದನ್ನು ಸಮಕಾಲೀನವೆಂದು ಎಣಿಸುವವರಿದ್ದಾರೆ. ಅದು ಹುಟ್ಟಿದ್ದು ಆದಿಲಶಾಹಿಯು ಅಳಿದು ಒಂದು ಶತಮಾನಕ್ಕೂ ಮಿಕ್ಕಿ ಕಳೆದ ಮೇಲೆ, 19ನೆಯ ಶತಮಾನದ ಪೂರ್ವಾರ್ಧದಲ್ಲಿ. ಭಾಷೆಯು ಹಳೆಯದಾದ ಮಾತ್ರಕ್ಕೆ ಸಾಕ್ಷಿಯು ಹಳೆಯವನಾಗುವದಿಲ್ಲ. ಫಾರಸಿಯನ್ನರಿಯದ ವಿದ್ಯಾರ್ಥಿಯು ಇನ್ನು ಮೇಲೆ ನೆವ ಹೇಳುವಂತೆಯೂ ಇಲ್ಲ, ವಿಜಯಪುರದ ಬಿ. ಎಲ್. ಡಿ. ಇ. ಸಂಸ್ಥೆಯ ಡಾ. ಫ. ಗು. ಹಳಕಟ್ಟಿ ಸಂಶೋಧನಕೇಂದ್ರವು ಆದಿಲಶಾಹಿ ಕಾಲವನ್ನು ಕುರಿತ ಸಾಹಿತ್ಯವನ್ನು ಕನ್ನಡಕ್ಕೆ ತರಿಸಿ ಪ್ರಕಟಿಸಿದೆ. ಭಾಷಾಂತರವನ್ನು ನೋಡಿದವನು ಭಾಷಾಂತರವನ್ನೇ ಹೆಸರಿಸಬೇಕು, ಅಷ್ಟೇ.

ಯುದ್ಧದ ಹೆಸರೇ ಒಂದು ಪಾಠವಾಗಿದೆ. ತಾಳಿಕೋಟೆಯು ಕೃಷ್ಣೆಯ ಉತ್ತರಕ್ಕೆ ಡೋಣಿಯ ದಂಡೆಯ ಮೇಲಿದೆ. ಸುಲ್ತಾನರ ದಂಡು ಅಲ್ಲಿ ಬೀಡುಬಿಟ್ಟಿತ್ತು. ಯುದ್ಧವು ನಡೆದದ್ದು ನದಿಯ ದಕ್ಷಿಣಕ್ಕೆ. ಬೀಡಿನ ಹೆಸರು ರಣಕ್ಕೆ ಅಂಟಿಕೊಂಡಿತು. ರಕ್ಕಸಗಿ ತಂಗಡಗಿಗಳ ಹೆಸರಿನಿಂದ ಕರೆದವರೂ, ತಾಳಿಕೋಟೆಯ ಹೆಸರಿನಿಂದ ಕರೆದವರೂ ಒಂದೇ ಯುದ್ಧವನ್ನು ಹೇಳುತ್ತಾರೆಂದು ಅರಿಯದ ವಿದ್ಯಾರ್ಥಿಯು ಗ್ರಂಥಾಲಯದ ಸೂಚಿಯಲ್ಲಿ ಅರ್ಧ ಸಾಮಗ್ರಿಯನ್ನೇ ಕಳೆದುಕೊಳ್ಳುತ್ತಾನೆ.

ಗೋಲಗುಂಬಜದ ವಿಷಯದಲ್ಲಿ ಅಂಧಪರಂಪರೆಯು ಇನ್ನೂ ಸ್ಪಷ್ಟ. ಇದು ಜಗತ್ತಿನಲ್ಲಿಯೇ ಎರಡನೆಯ ದೊಡ್ಡ ಗುಮ್ಮಟ, ರೋಮಿನ ಸೇಂಟ್ ಪೀಟರ್ ದೇವಾಲಯವೊಂದೇ ಇದಕ್ಕಿಂತ ದೊಡ್ಡದು ಎಂಬ ವಾಕ್ಯವಿಲ್ಲದ ಪ್ರಬಂಧವು ವಿರಳ. ಅಳತೆಗಳನ್ನು ನೋಡೋಣ. ಗೋಲಗುಂಬಜದ ಗುಮ್ಮಟದ ಹೊರವ್ಯಾಸವು ಸುಮಾರು 144 ಅಡಿ, ಒಳವ್ಯಾಸವು ಸುಮಾರು 124 ಅಡಿ. ಸೇಂಟ್ ಪೀಟರಿನ ಒಳವ್ಯಾಸವು ಸುಮಾರು 136 ಅಡಿ. ಅದೇ ರೋಮಿನ ಪಾಂಥಿಯನ್ನಿನದು ಸುಮಾರು 142 ಅಡಿ. ಒಳವ್ಯಾಸವನ್ನು ಹಿಡಿದರೆ ಎರಡನೆಯ ಸ್ಥಾನವು ಸಿಕ್ಕದು. ಹೊರವ್ಯಾಸವನ್ನು ಒಂದರಲ್ಲಿಯೂ ಒಳವ್ಯಾಸವನ್ನು ಇನ್ನೊಂದರಲ್ಲಿಯೂ ಹಿಡಿದರೆ ಯಾವದು ಬೇಕಾದರೂ ದೊಡ್ಡದಾಗುವದು. ಫರ್ಗ್ಯುಸನ್ನನು 19ನೆಯ ಶತಮಾನದಲ್ಲಿ ಮಾಡಿದ ಹೋಲಿಕೆಯು ಗುಮ್ಮಟದ ವ್ಯಾಸವನ್ನು ಕುರಿತದ್ದಲ್ಲ. ಒಂದೇ ಗುಮ್ಮಟದ ಕೆಳಗೆ ಕಂಬಗಳ ಅಡ್ಡಿಯಿಲ್ಲದೆ ಆವೃತವಾದ ನೆಲದ ವಿಸ್ತೀರ್ಣವನ್ನು ಕುರಿತದ್ದು. ಆ ಲೆಕ್ಕದಲ್ಲಿ ಗೋಲಗುಂಬಜದ ನೆಲವು 18,000 ಚದರಡಿಗೂ ಮಿಕ್ಕಿದ್ದು, ಪಾಂಥಿಯನ್ನಿನದು 16,000ಕ್ಕೆ ಕಡಿಮೆಯಾದದ್ದು. ಇದು ಸಣ್ಣ ಹೆಗ್ಗಳಿಕೆಯಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳಿಂದ ಚೌಕವನ್ನು ವರ್ತುಲಕ್ಕೆ ತಂದ ಶಿಲ್ಪಿಯ ಬುದ್ಧಿಯನ್ನು ಆ ಲೆಕ್ಕವೇ ತೋರಿಸುತ್ತದೆ. ಕೈಯಿಂದ ಕೈಗೆ ದಾಟುತ್ತ ನೆಲವು ಗುಮ್ಮಟವಾಯಿತು, ನಿಜವಾದ ಹೆಗ್ಗಳಿಕೆಯು ಸುಳ್ಳು ಹೆಗ್ಗಳಿಕೆಯಾಯಿತು. ಕಸಿನ್ಸ್ ಮಹಾಶಯನು 1916ರಲ್ಲಿ ಪ್ರಕಟಿಸಿದ ವಿಜಯಪುರದ ವಾಸ್ತುಗ್ರಂಥದಲ್ಲಿ ಅಳತೆಯ ನಕ್ಷೆಗಳಿವೆ. ಅದನ್ನು ಪಟ್ಟಿಯಲ್ಲಿ ಸೇರಿಸುವವರು ಬಹಳ, ನಕ್ಷೆಯ ಪುಟವನ್ನು ತೆರೆದವರು ಕಡಿಮೆಯೆಂದು ಪ್ರಬಂಧಗಳೇ ಸಾರುತ್ತವೆ.

ಅದೇ ಕಟ್ಟಡದ ದಕ್ಷಿಣದ ಬಾಗಿಲ ಮೇಲಿನ ಶಾಸನವು ಮಹಮ್ಮದ ಆದಿಲಶಾಹನ ಮರಣವರ್ಷವನ್ನು ಅಕ್ಷರಸಂಖ್ಯೆಯ ಮೂಲಕ ಹಿಜರಿ 1067 ಎಂದು ಕೊಡುತ್ತದೆ. ವಿಜಯಪುರದ ಅರಬ್ಬೀ ಫಾರಸಿ ಶಾಸನಗಳನ್ನು ಡಾ. ನಾಜಿಂ ಎಂಬವರು ಸಂಪಾದಿಸಿ, ಪ್ರಾಚ್ಯವಸ್ತು ಇಲಾಖೆಯು 1936ರಲ್ಲಿ 49ನೆಯ ಸ್ಮರಣಗ್ರಂಥವಾಗಿ ಪ್ರಕಟಿಸಿದೆ. ಹಿಜರಿ 1067 ಕ್ರಿ. ಶ. 1656ರ ಅಕ್ಟೋಬರದಲ್ಲಿ ಮೊದಲಾಗಿ ಮರುವರ್ಷದ ಅಕ್ಟೋಬರದಲ್ಲಿ ಮುಗಿಯುತ್ತದೆ; ಆದುದರಿಂದ ಶಾಸನವೊಂದರಿಂದಲೇ 1656 ಎಂದು ನಿರ್ಣಯಿಸಲಾಗದು, ತಿಂಗಳನ್ನು ಬೇರೆ ಆಧಾರದಿಂದ ತರಬೇಕು. ಮೂಲದಲ್ಲಿಯ ಶಕವನ್ನೋ ಹಿಜರಿಯನ್ನೋ ಬಿಟ್ಟು ಬರಿಯ ಕ್ರಿಸ್ತವರ್ಷವನ್ನು ಬರೆಯುವದು ಸಾಕ್ಷಿಯ ಮಾತನ್ನು ತಿದ್ದಿ ಒಪ್ಪಿಸಿದಂತೆ.

ಸಾಹಿತ್ಯದ ಪ್ರಬಂಧಗಳು ಈ ದೋಷದಿಂದ ಮುಕ್ತವಾಗಿಲ್ಲ. ಬಾಗೇವಾಡಿಯ ಬಸವಣ್ಣನವರ ಜೀವನಕ್ಕೆ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನೂ 1369ರ ಭೀಮಕವಿಯ ಕನ್ನಡ ಬಸವಪುರಾಣವನ್ನೂ ಎರಡು ಆಧಾರಗಳೆಂದು ಎಣಿಸುವರು. ಭೀಮಕವಿಯು ಸೋಮನಾಥನನ್ನು ಅನುಸರಿಸಿದವನು. ಹರಿಹರನ ರಗಳೆಯು ಬೇರೆ ಸಾಕ್ಷಿ. 1260ರ ಅರ್ಜುನವಾಡದ ಶಾಸನವು ಮತ್ತೂ ಬೇರೆ ಜಾತಿಯ ಸಾಕ್ಷಿ. ಅಲ್ಲಿಯ ನಾಲ್ಕು ಮಾತುಗಳಿಗೆ ಇರುವ ತೂಕವು ಪುರಾಣದ ನೂರು ಪದ್ಯಗಳಿಗಿಲ್ಲ.

ವಚನಗಳ ಉಲ್ಲೇಖದಲ್ಲಿ ವಿಜಯಪುರದವರಿಗೆ ವಿಶೇಷವಾದ ಹೊಣೆಯಿದೆ. ಫ. ಗು. ಹಳಕಟ್ಟಿಯವರು 1904ರಲ್ಲಿ ವಕೀಲರಾಗಿ ಈ ಊರಿಗೆ ಬಂದು, ಮನೆಮನೆಗಳ ಜಗಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. ಅವರಿಲ್ಲದಿದ್ದರೆ ಇಂದು ಉಲ್ಲೇಖಿಸುವದಕ್ಕೆ ಗ್ರಂಥವೇ ಇರುತ್ತಿರಲಿಲ್ಲ. ಆದರೆ ಅವರ ಕಾಲದ ತರುವಾಯ ಮತ್ತಷ್ಟು ಪ್ರತಿಗಳು ದೊರೆತು, ಪಾಠಗಳು ಶೋಧಿಸಲ್ಪಟ್ಟು, 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನಸಂಪಾದಕತ್ವದಲ್ಲಿ ಸಮಗ್ರ ವಚನಸಂಪುಟಗಳು ಹದಿನೈದು ಭಾಗಗಳಾಗಿ ಹೊರಬಂದಿವೆ. ಸಂಶೋಧನೆಯ ಚರಿತ್ರೆಯನ್ನು ಬರೆಯುವವನು ಹಳಕಟ್ಟಿಯವರ ಮುದ್ರಣವನ್ನೂ, ವಚನದ ಪಾಠವನ್ನು ವಿಚಾರಿಸುವವನು ಸಮಗ್ರಸಂಪುಟವನ್ನೂ ಹಿಡಿಯಬೇಕು. ಇಬ್ಬರೂ ಸಂಪುಟವನ್ನೂ ವಚನಸಂಖ್ಯೆಯನ್ನೂ ತೋರಿಸಬೇಕು. ಬಸವಣ್ಣನವರು ಹೇಳಿದ್ದಾರೆ ಎಂಬಷ್ಟೇ ಮಾತು ಉಪನ್ಯಾಸಕ್ಕೆ ಸಾಕು, ಪ್ರಬಂಧಕ್ಕೆ ಸಾಲದು.

ಇನ್ನು ತಿಕೋಟಾ ಬಬಲೇಶ್ವರಗಳ ಸಂಗತಿ. ಇವೆರಡೂ ತಾಲೂಕುಗಳಾದದ್ದು 2011ರ ಜನಗಣತಿಯ ತರುವಾಯ. ಅದಕ್ಕೆ ಮೊದಲಿನ ವಿವರಗಳೆಲ್ಲ ವಿಜಯಪುರ ತಾಲೂಕಿನ ಹೊಟ್ಟೆಯಲ್ಲಿವೆ. ತಿಕೋಟಾ ತಾಲೂಕಿನ 2011ರ ಜನಸಂಖ್ಯೆಯನ್ನು ಬರೆಯಬೇಕಾದವನು ಗ್ರಾಮಗಳ ಕೋಷ್ಟಕವನ್ನು ಹಿಡಿದು ತಾನೇ ಕೂಡಿಸಿ, ಯಾವ ಗ್ರಾಮಗಳನ್ನು ಕೂಡಿಸಿದನೆಂಬದನ್ನು ಹೇಳಬೇಕು. ಜಿಲ್ಲೆಯ ಗಡಿಯೂ ನಿಂತ ನೀರಲ್ಲ. 1884ರ ಮುಂಬಯಿ ಗೆಜೆಟಿಯರಿನ 23ನೆಯ ಸಂಪುಟವೂ, 1966ರ ಮೈಸೂರು ರಾಜ್ಯದ ಗೆಜೆಟಿಯರೂ ವಿಜಯಪುರವೆಂದು ಹೇಳುವ ಜಿಲ್ಲೆಯಲ್ಲಿ ಬಾಗಲಕೋಟೆ, ಬಾದಾಮಿ, ಮುಧೋಳಗಳ ಪೈಕಿ ಯಾವ ಭಾಗಗಳು ಸೇರಿದ್ದುವೆಂದು ಮೊದಲು ನೋಡತಕ್ಕದ್ದು. ಮುಧೋಳವು 1884ರಲ್ಲಿ ಪ್ರತ್ಯೇಕ ಸಂಸ್ಥಾನವಾಗಿತ್ತು, ಬಾಗಲಕೋಟೆಯು ಬೇರೆ ಜಿಲ್ಲೆಯಾದದ್ದು 1997ರಲ್ಲಿ. 2011ರ ಗಣತಿಯ 21,77,331 ಎಂಬ ಅಂಕೆಯನ್ನು 1961ರ ಅಂಕೆಯ ಪಕ್ಕದಲ್ಲಿಟ್ಟು ವೃದ್ಧಿಯನ್ನು ಲೆಕ್ಕಹಾಕಿದವನು ಎರಡು ಬೇರೆ ಬೇರೆ ಭೂಮಿಗಳನ್ನು ಹೋಲಿಸಿದ್ದಾನೆ. ಊರಿನ ಹೆಸರು ಅಧಿಕೃತವಾಗಿ ವಿಜಯಪುರವೆಂದಾದದ್ದು 2014ರ ನವೆಂಬರ 1ರಂದು; ಅದಕ್ಕೆ ಹಿಂದಿನ ಗ್ರಂಥದ ಶೀರ್ಷಿಕೆಯಲ್ಲಿ ಬಿಜಾಪುರವೆಂದಿದ್ದರೆ ಪಟ್ಟಿಯಲ್ಲಿಯೂ ಹಾಗೆಯೇ ಬರೆಯಬೇಕು. ಅಭಿಮಾನದಿಂದ ಶೀರ್ಷಿಕೆಯನ್ನು ತಿದ್ದಿದರೆ ಮುಂದಿನವನಿಗೆ ಆ ಗ್ರಂಥವು ಸಿಕ್ಕುವದೇ ಇಲ್ಲ.

ಗ್ರಂಥಗಳಿಲ್ಲದ ಕಡೆ ಮನುಷ್ಯರಿದ್ದಾರೆ. ತಿಕೋಟಾದ ಸುತ್ತಲಿನ ದ್ರಾಕ್ಷಿಯ ಪಡಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ ಕುರಿತು, ಬಬಲೇಶ್ವರದ ಆಚೆಯ ಮಮದಾಪುರದ ಕೆರೆಯ ನೀರಿನ ಹಂಚಿಕೆಯನ್ನು ಕುರಿತು ಬರೆಯುವ ವಿದ್ಯಾರ್ಥಿಗೆ ಊರಿನ ಹಿರಿಯರೇ ಆಧಾರ. ಅವರ ಮಾತು ಆಪ್ತವಾಕ್ಯವಾಗಬಹುದು; ಆಗುವದಕ್ಕೆ ಹೇಳಿದವರು ಯಾರು, ವಯಸ್ಸೆಷ್ಟು, ಯಾವ ದಿನ ಎಲ್ಲಿ ಹೇಳಿದರು, ತಾವು ಕಂಡದ್ದನ್ನೋ ತಂದೆಯಿಂದ ಕೇಳಿದ್ದನ್ನೋ ಎಂಬಿಷ್ಟು ಬರೆದಿರಬೇಕು. ಕೆರೆಯ ದಂಡೆಯ ರೈತನು ತಾನು ನೀರು ತಿರುವಿದ ವರ್ಷವನ್ನು ಹೇಳಿದರೆ ಅದು ಪ್ರತ್ಯಕ್ಷ. ಕೆರೆಯನ್ನು ಕಟ್ಟಿಸಿದ ಸುಲ್ತಾನನ ಕಥೆಯನ್ನು ಹೇಳಿದರೆ ಅದು ಐತಿಹ್ಯ. ಎರಡಕ್ಕೂ ಸ್ಥಾನವಿದೆ, ಒಂದೇ ಸ್ಥಾನವಿಲ್ಲ. ಅಂತರ್ಜಾಲದ ಪುಟಗಳಿಗೂ ಇದೇ ನಿಯಮವು ಸಲ್ಲುತ್ತದೆ. ಹಳೆಯ ಗೆಜೆಟಿಯರಿನ ಪ್ರತಿಬಿಂಬವನ್ನು ಅಲ್ಲಿ ಓದಿದವನು ಗೆಜೆಟಿಯರನ್ನೇ ಓದಿದವನು. ಕರ್ತೃವಿನ ಹೆಸರಿಲ್ಲದ, ದಿನದಿನಕ್ಕೆ ಬದಲಾಗುವ ಲೇಖನವನ್ನು ನೋಡಿದವನು ನೋಡಿದ ದಿನವನ್ನು ಬರೆದು, ಆ ಲೇಖನವು ತಾನು ಯಾವದನ್ನು ಆಧರಿಸಿದೆಯೋ ಅಲ್ಲಿಗೆ ಹೋಗಬೇಕು.

ಈ ಎಲ್ಲದರ ತಪ್ಪನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವದು ನ್ಯಾಯವಲ್ಲ. ಸ್ಯುಯೆಲನ ಮೂಲಕ ಫರಿಶ್ತಾನನ್ನು ಕಂಡವನು ಹಾಗೆಂದೇ ಪ್ರಾಮಾಣಿಕವಾಗಿ ಬರೆದರೆ, ಮೂಲವನ್ನು ನೋಡಿಲ್ಲವೆಂದು ಅಂಕಗಳನ್ನು ಕಡಿಮೆ ಮಾಡುವರು. ನಡುವಿನ ಹೆಸರನ್ನು ನುಂಗಿ ಫರಿಶ್ತಾನನ್ನೇ ಓದಿದಂತೆ ನಟಿಸಿದವನು ಬಹುಶ್ರುತನೆನಿಸುವನು. ಬಬಲೇಶ್ವರದ ಹುಡುಗಿಯೊಬ್ಬಳು ಆರು ಹಿರಿಯರ ಹೇಳಿಕೆಗಳನ್ನು ದಿನಾಂಕಸಹಿತ ಬರೆದು ತಂದರೆ, ಪಟ್ಟಿಯು ಚಿಕ್ಕದಾಯಿತೆಂಬ ಆಕ್ಷೇಪವು ಬರುವದು. ಹೀಗಿರುವ ತನಕ ಪಟ್ಟಿಗಳು ಉದ್ದವಾಗುವವಲ್ಲದೆ ಮತ್ತೇನು ಆದಾವು? ಪರೀಕ್ಷಕರು ಪ್ರತಿಯೊಂದು ಪ್ರಬಂಧದಿಂದ ಎರಡು ಉಲ್ಲೇಖಗಳನ್ನು ಆರಿಸಿ, ಪುಟಸಂಖ್ಯೆಯನ್ನು ಹಿಡಿದು ಆ ಗ್ರಂಥಗಳಲ್ಲಿ ನೋಡಿ, ಅನಂತರ ವಿದ್ಯಾರ್ಥಿಯನ್ನು ಕರೆಯಿಸಿ ಈ ಮಾತಿಗೆ ನಿನ್ನ ಸಾಕ್ಷಿಗಳೆಷ್ಟು ಎಂದು ಕೇಳಬಹುದು. ಎರಡು ಉಲ್ಲೇಖಗಳಿಗೆ ಅರ್ಧ ತಾಸಿಗಿಂತ ಹೆಚ್ಚು ಹಿಡಿಯದು.